ಅಕ್ಕಿಯ ಮೇಲೆ ಬರೆಯುವ ಹೆಸರು

ಹೊಸ ಸೊಸೆ ತನ್ಮಯಿ ಗಿರಿನಗರದ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಾಗಿತ್ತು. ಇನ್ನು ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಮಗ ವಸಿಷ್ಠ ಉಂಗುರದಿಂದ ಅವಳ ಹೊಸ ಹೆಸರು ಬರೆಯುವುದೊಂದೇ ಬಾಕಿ. ‘ಜಾನಕಿ’ ಎಂದು ಮಾವ ಸೇತುರಾಮ ಮೊದಲೇ ಗೊತ್ತುಮಾಡಿದ್ದರು. ತಟ್ಟೆ ಹಿಡಿದಿದ್ದವಳು ಅವರ ಹೆಂಡತಿ ಜಯಾ.

ಕಳೆದ ತಿಂಗಳು, ಮದುವೆಗೆ ಮುಂಚೆ, ತನ್ಮಯಿ ತನ್ನ ಶಾಲೆಯ ಮಕ್ಕಳಿಗಾಗಿ ಪ್ರಾಚೀನ ರೋಮಿನ ಮನೆಯೊಂದರ ಚಾರ್ಟು ಬರೆಯುತ್ತ ಇದೇ ಹಾಲ್‌ನಲ್ಲಿ ಕೂತಿದ್ದಳು. ಒಳಂಗಳ, ಅಡುಗೆಮನೆ, ಮನೆದೇವರ ಗೂಡು, ಎಲ್ಲ ನಮ್ಮ ಹಾಗೇ ಇದೆಯಲ್ಲ ಎಂದು ಜಯಾಳಿಗೆ ಖುಷಿಯಾಗಿತ್ತು.

“ಇದ್ ಕೇಳಿ ಆಂಟಿ, ಅಲ್ಲಿ ಹೆಣ್ಮಕ್ಳಿಗೆ ಅಪ್ಪನ ವಂಶದ ಹೆಸರೇ ಹೆಸರು. ಮೂರು ಜನ ಇದ್ರೆ ಮೂವರೂ ಕಾರ್ನೀಲಿಯಾ!”

“ಊಟಕ್ಕೆ ಕರೆದ್ರೆ ಮೂವರೂ ಓಡಿ ಬರ್ತಿದ್ರೇನೋ,” ಎಂದು ಜಯಾ ನಕ್ಕಿದ್ದಳು. ನಕ್ಕ ಮೇಲೆ ಎದೆಯಲ್ಲೇನೋ ಚುಚ್ಚಿತ್ತು. ಮದುವೆಯ ದಿನದವರೆಗೂ ಅವಳು ಅಂಬುಜಾ ಆಗಿದ್ದವಳು. ಹಾಗೆಂದು ಕರೆಯುವವರು ಈಗ ಯಾರೂ ಉಳಿದಿರಲಿಲ್ಲ.

“ಬರಿಯೋ, ಮುಹೂರ್ತ ಮೀರತ್ತೆ,” ಎಂದರು ಸೇತುರಾಮ. ವಸಿಷ್ಠ ಹೆಂಡತಿಯ ಮುಖ ನೋಡಿದ. ಅವಳು ತಲೆ ಎತ್ತಲಿಲ್ಲ.

ಜಯಾ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. “ಬೇಡ ಕಣೋ. ಅವಳ ಹೆಸರೇ ಬರಿ.”

“ಇದೇನೇ ಹೊಸದು, ಎಲ್ಲರ ಮುಂದೆ?”

“ಹೊಸದಲ್ಲ ರೀ. ಹಳೇದೇ ಇರ್ಲಿ ಅಂತಿದೀನಿ.”

ಹಿಂದೆ ನಿಂತಿದ್ದ ನೆಂಟರಲ್ಲಿ ಯಾರೋ ಕಿಸಕ್ಕೆಂದರು. ಸೇತುರಾಮರ ಮುಖ ಸಡಿಲವಾಗಲಿಲ್ಲ. ವಸಿಷ್ಠ ‘ತನ್ಮಯಿ’ ಎಂದು ಬರೆಯತೊಡಗಿದ. ಅವನು ಬರೆದು ಮುಗಿಸುವವರೆಗೂ ಜಯಾ ಗಂಡನ ಕಡೆ ನೋಡಲೇ ಇಲ್ಲ.