ಹಗ್ಗ ಬಿಡುವ ಕೆಲಸ

ಡಾಂಬರಿನ ವಾಸನೆ, ಅಲ್ಲ, ಡಾಂಬರಲ್ಲ, ಪೈನ್ ಮರದ ಕಪ್ಪೆಣ್ಣೆ, ಎಷ್ಟು ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿ ಬಿಟ್ಟು ಹೋಗುವುದಿಲ್ಲ, ನಿನ್ನೆ ಒಗ್ಗರಣೆ ಹಾಕುವಾಗಲೂ ಇದೇ ವಾಸನೆ, ಅನುಸೂಯಾ, ನೀನು ಅಡುಗೆ ಮಾಡ್ತಿದೀಯೋ ಹಡಗು ರಿಪೇರಿ ಮಾಡ್ತಿದೀಯೋ ಎಂದು ವೆಂಕಟೇಶ್ ಮೂಗು ಮುಚ್ಚಿಕೊಂಡರು, ಗಂಡನಾದವನಿಗೇನು, ಗಂಟೆ ದೂರದ ಮಿಸೌರಿ ಸಿಟಿಯ ಮನೆಯ ಸೋಫಾದಲ್ಲಿ ಕೂತು ಮಾತಾಡುವುದು ಸುಲಭ — ಆರು ತಿಂಗಳ ಶನಿವಾರಗಳನ್ನೆಲ್ಲ ತಂದು ಈ ಗ್ಯಾಲ್ವೆಸ್ಟನ್ ಬಂದರಿನ ದಕ್ಕೆಗೆ ಸುರಿದವಳು ನಾನು, ಐವತ್ತೆಂಟನೆಯ ವಯಸ್ಸಿನಲ್ಲಿ, ಮಂಡಿಗೆ ಪಟ್ಟಿ ಕಟ್ಟಿಕೊಂಡು, ಸಂಬಳವಿಲ್ಲದ ಖಲಾಸಿ. ಹಡಗಿನ ಹಲಗೆ ನೆಲ ಉಜ್ಜಿದ್ದೇನೆ, ಹಗ್ಗಗಳಿಗೆ ಎಣ್ಣೆ ಬಳಿದಿದ್ದೇನೆ, ಅಂಗೈಗೆ ಚರ್ಮದ ಪಟ್ಟಿ ಕಟ್ಟಿ ಹರಿದ ಹಾಯಿಗೆ ದಬ್ಬಣ ಚುಚ್ಚಿದ್ದೇನೆ. ಚೀನಾದ ಚಹಾ ಹೊತ್ತು ಲಂಡನ್ನಿಗೆ ಓಡುತ್ತಿದ್ದ ಕ್ಲಿಪ್ಪರ್ ಇದು, ನೂರೈವತ್ತು ವರ್ಷದ ಮುದುಕಿ, ಆ ವರ್ಷದ ಚಹಾ ಮೊದಲು ಮುಟ್ಟಿಸಿದ ಹಡಗಿಗೇ ಮರ್ಯಾದೆಯಂತೆ, ಅದಕ್ಕಾಗಿ ಮೂವತ್ತು ಜನ ನೂರು ದಿನ, ನಾಲ್ಕು ಗಂಟೆ ದುಡಿತ, ನಾಲ್ಕು ಗಂಟೆ ನಿದ್ದೆ, ಅದೂ ಒದ್ದೆ ಬಟ್ಟೆಯಲ್ಲಿ, ಬಿರುಗಾಳಿ ಎದ್ದರೆ ಅರ್ಧ ನಿದ್ದೆಯಲ್ಲಿ ಮೇಲೆ ಹತ್ತಿ ಹಾಯಿ ಮಡಚಬೇಕು, ಬಿದ್ದವನಿಗೆ ಸಮುದ್ರವೇ ಗತಿ, ಅಂಥವರ ಹಡಗು ಈಗ ವರ್ಷಕ್ಕೆ ಒಂದೇ ದಿನ ಹೊರಗೆ ಹೋಗುತ್ತದೆ, ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ಸು, ಆ ಒಂದು ದಿನ ಇವತ್ತು, ನಾನು ಹಡಗಿನ ಮೇಲಿಲ್ಲ, ದಕ್ಕೆಯಲ್ಲಿದ್ದೇನೆ, ಕಬ್ಬಿಣದ ಗೂಟಕ್ಕೆ ಹಾಕಿದ ಹಗ್ಗದ ಪಕ್ಕ, ಬಿಡು ಎಂದಾಗ ಬಿಡಲು.

ಕೆಟ್ಟದ್ದು ಹೋದ ಶನಿವಾರ. ಹಾಯಿಯ ಅಡ್ಡಮರ ಏರಿಸಲು ಎಂಟು ಜನ ಸಾಲಾಗಿ ಹಗ್ಗ ಹಿಡಿದಿದ್ದೆವು, ನಮ್ಮನ್ನು ದುಡಿಸುವ ಮೇಟ್ ವಾಲ್ಟ್ ಹಾಡು ಎತ್ತಿದ, ಆ ಕಾಲದ ಖಲಾಸಿಗಳ ಹಾಡು, ಹಾಡಿನ ಸಾಲಿನ ನಡುವೆ ಎರಡು ಸಲ ಎಳೆಯಬೇಕು, ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ, ಕೈ ನನ್ನ ಕರಾವಳಿ ಊರು ಗಂಗೊಳ್ಳಿಯದು, ದೋಣಿ ಎಳೆಯುವವರ ಹೈಲೇಸಾ ಕೇಳಿ ಬೆಳೆದದ್ದು, ಅದರಲ್ಲಿ ಎಳೆತ ಕೊನೆಗೆ, ಸಾ ಎನ್ನುವಾಗ, ಒಂದೇ ಸಲ — ಹಾಗೆಯೇ ಎಳೆದೆ, ಎಲ್ಲರೂ ಸಡಿಲಿಸಿದ ಹೊತ್ತಿಗೆ ಸರಿಯಾಗಿ, ಮುಂದೆ ನಿಂತವನ ಕೈಯಲ್ಲಿ ಹಗ್ಗ ಸರ್ರನೆ ಜಾರಿ ಅಂಗೈ ಸುಲಿಯಿತು. ನೆಕ್ಸ್ಟ್ ಇಯರ್, ಆನ್ಸೂ, ಎಂದ ವಾಲ್ಟ್, ಬೈದಿದ್ದರೆ ವಾಸಿಯಿತ್ತು. ಅವನಿಗೆ ಏನೆಂದು ಹೇಳಲಿ, ನನ್ನ ಅಪ್ಪಯ್ಯನಿಗೂ ಹಾಯಿಹಡಗಿತ್ತು ಎಂದೇ, ಮಂಜಿ ಎನ್ನುತ್ತಿದ್ದೆವು, ಮಂಗಳೂರು ಹಂಚು ತುಂಬಿಕೊಂಡು ಮುಂಬಯಿಗೆ ಹೋಗುತ್ತಿತ್ತು, ಹಂಚೂ ನಮ್ಮದಲ್ಲ, ಮಂಜಿಯೂ ನಮ್ಮದಲ್ಲ, ಆದರೆ ನಡೆಸುವವನು ಅಪ್ಪಯ್ಯ, ಅವನು ಹೈಲೇಸಾ ಎಂದರೆ ದಡದಲ್ಲಿ ನಿಂತ ನನ್ನ ಖಾಲಿ ಕೈಯೂ ಗಾಳಿ ಎಳೆಯುತ್ತಿತ್ತು. ನಾನೂ ಬತ್ತೆ ಅಪ್ಪಯ್ಯ. ಹೆಣ್ಮಕ್ಕಳ್ ಮಂಜಿ ಹತ್ತೂಕಾಗ ಮಗಾ, ಕಡ್ಲಿಗ್ ಆತಿಲ್ಲೆ. ಹೆಣ್ಣು ಹತ್ತಿದರೆ ಕಡಲಿಗೆ ಆಗದಂತೆ, ಕಡಲನ್ನು ಕೇಳಿದವರು ಯಾರು, ನಾನು ಕೇಳಿದ್ದೆ, ಅದು ಏನೂ ಅಂದಿರಲಿಲ್ಲ. ಆಮೇಲೆ ಹಂಚು ಸಾಗಿಸಲು ಲಾರಿ ಬಂತು, ಮಂಜಿ ಸೌದೆಯಾಯಿತು, ಅಪ್ಪಯ್ಯನೂ ಹೋದ, ನನಗೆ ಮಾತ್ರ ಆ ಆಸೆ ಹೋಗಲಿಲ್ಲ, ಒಮ್ಮೆ, ಒಂದೇ ಒಮ್ಮೆ, ಹಾಯಿ ಉಬ್ಬಿದ ಹಡಗಿನಿಂದ ದಡವನ್ನು ನೋಡಬೇಕು.

ಏಳು ಐವತ್ತು. ಎಂಟಕ್ಕೆ ಹೊರಡಬೇಕು, ಶ್ರೀಕರ್ ಇನ್ನೂ ಬಂದಿಲ್ಲ, ನನ್ನ ಜಾಗ ಹೋದದ್ದು ಅವನಿಗೇ, ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನವನು, ಮೈಸೂರು ಕಡೆಯವನು, ಡಲ್ಲಾಸಿನ ಯುಗಾದಿ ಊಟದಲ್ಲಿ ಪಕ್ಕ ಕೂತಿದ್ದವನಿಗೆ ಈ ಹಡಗಿನ ಹುಚ್ಚು ಹಿಡಿಸಿದ್ದೇ ನಾನು, ಐದು ಗಂಟೆ ಡ್ರೈವ್ ಮಾಡಿ ಬರುತ್ತಾನೆ, ಅವನ ಎಳೆತ ತಪ್ಪುವುದಿಲ್ಲ, ಅವನು ಮರೆಯಬೇಕಾದ ಹಳೆಯ ತಾಳ ಯಾವುದೂ ಇಲ್ಲ. ಎಂಟಕ್ಕೆ ಅವನು ಬರದಿದ್ದರೆ ನೀನೇ ಹತ್ತು ಎಂದಿದ್ದಾನೆ ವಾಲ್ಟ್, ಹಾಯಿಮರ ಹತ್ತುವವರ ಸೊಂಟದ ಪಟ್ಟಿ ಆಗಲೇ ಬಿಗಿದುಕೊಂಡಿದ್ದೇನೆ, ದೇವರೇ ಬಾರದಿರಲಿ, ಛೇ, ಎಂಥ ಹರಕೆ, ಅಪಾಯವೇನೂ ಆಗದೆ ಬಾರದಿರಲಿ, ಟಯರ್ ಪಂಕ್ಚರ್ ಆಗಲಿ ಸಾಕು — ಫೋನು. ಆಂಟಿ, ಫ್ರೀವೇ ಪೂರ್ತಿ ಬ್ಲಾಕ್ ಆಗಿತ್ತು, ವಾಲ್ಟ್ ಫೋನ್ ಎತ್ತುತ್ತಿಲ್ಲ, ಸೇತುವೆ ಮೇಲಿದೀನಿ, ಹತ್ತೇ ನಿಮಿಷ, ಒಂದು ಮಾತು ಹೇಳಿ ಆಂಟಿ, ಪ್ಲೀಸ್. ಸರಿ ಎಂದೆ. ಫೋನು ಜೇಬಿಗೆ ಹಾಕಿದೆ. ಹೇಳದಿದ್ದರೆ? ಗಲಾಟೆಯಲ್ಲಿ ಕೇಳಿಸಲಿಲ್ಲಪ್ಪ ಎಂದರಾಯಿತು, ಅವನಿಗೇನು, ಇನ್ನೂ ನಲವತ್ತೆರಡು, ಎಷ್ಟೋ ವರ್ಷಗಳಿವೆ, ನನ್ನ ಮಂಡಿಗೆ ಇನ್ನೊಂದು ವರ್ಷವೂ ಇಲ್ಲ. ಏಳು ಐವತ್ತೆಂಟು. ವಾಲ್ಟ್ ಕೈ ಬೀಸಿದ, ಬಾ ಎಂದು, ಹೋದೆ, ಹಡಗಿಗೆ ಹಾಕಿದ ಹಲಗೆಯ ಮೇಲೆ ಕಾಲಿಟ್ಟೆ, ನೂರು ಸಲ ಹತ್ತಿದ ಹಲಗೆ, ಇನ್ನು ನಾಲ್ಕು ಹೆಜ್ಜೆ, ಅಷ್ಟರಲ್ಲಿ ನನ್ನ ಹಾಳು ಬಾಯಿ, ಶ್ರೀಕರ್ ಸೇತುವೆ ಮೇಲಿದ್ದಾನೆ, ವಾಲ್ಟ್, ಟೆನ್ ಮಿನಿಟ್ಸ್. ಐದು ಗಂಟೆ ಡ್ರೈವ್ ಮಾಡಿ ಬಂದವನು ಹೋಗುವ ಹಡಗಿನ ಬೆನ್ನು ನೋಡಬೇಕೇ, ದಡದಲ್ಲಿ ನಿಲ್ಲುವ ಹೊಟ್ಟೆಯುರಿ ಏನೆಂದು ನನಗೆ ಗೊತ್ತು, ನನಗೆ ಗೊತ್ತಿದ್ದದ್ದೇ ತಪ್ಪಾಯಿತು. ವಾಲ್ಟ್ ಓಕೆ ಎಂದ, ಕಾಯ್ತೀವಿ ಎಂದ.

ಶ್ರೀಕರ್ ಓಡಿಬಂದ, ಥ್ಯಾಂಕ್ಯೂ ಆಂಟಿ, ನೀವಿಲ್ದಿದ್ರೆ ಅಷ್ಟೇ ಆಗ್ತಿತ್ತು, ನನ್ನ ಸೊಂಟದ ಪಟ್ಟಿ ಬಿಚ್ಚಿ ಅವನಿಗೇ ಕೊಟ್ಟೆ, ಹತ್ತಿದ, ಹಲಗೆ ಎಳೆದುಕೊಂಡರು, ಲೆಟ್ ಗೋ, ಎಂದು ವಾಲ್ಟ್ ಕೂಗಿದ. ಅಪ್ಪಯ್ಯನೂ ಹೀಗೆಯೇ ಕೂಗುತ್ತಿದ್ದ, ಹತ್ತೂಕಾಗ, ಹಗ್ಗ ಬಿಡ್ಲಕ್ಕ್, ಬಿಡ್ ಮಗಾ, ಮೇಲಿನಿಂದ ನಗುತ್ತ, ಅದೇ ದೊಡ್ಡ ಬಹುಮಾನ ಎಂಬಂತೆ, ನಾನೂ ಬಹುಮಾನವೆಂದೇ ಬಿಡುತ್ತಿದ್ದೆ. ಗೂಟದಿಂದ ಹಗ್ಗದ ಕುಣಿಕೆ ಎತ್ತಿದೆ, ಭಾರ, ಬಿಟ್ಟೆ, ಹಗ್ಗ ನೀರಿಗೆ ಬಿತ್ತು, ಅವರು ಎಳೆದುಕೊಂಡರು, ಈಗ ಹಡಗಿಗೂ ದಕ್ಕೆಗೂ ನಡುವೆ ಒಂದು ಗೇಣು ನೀರು, ಹಾಡು ಎತ್ತಿದ್ದಾರೆ, ಎರಡು ಎಳೆತ, ಮತ್ತೆ ಎರಡು, ಒಂದು ಮೊಳ ನೀರು, ಈಗಲೂ ಹಾರಬಹುದು, ಹಾರುವ ಮಂಡಿಯೇ ಇದು, ಅಪ್ಪಯ್ಯ ತಿರುಗಿ ನೋಡುತ್ತಿರಲಿಲ್ಲ, ಹೊರಟವರು ದಡ ನೋಡಬಾರದಂತೆ, ಶ್ರೀಕರನಿಗೆ ಯಾರು ಹೇಳಬೇಕು, ತಿರುಗಿದ, ಎರಡೂ ಕೈ ಎತ್ತಿ ಬೀಸುತ್ತಿದ್ದಾನೆ, ಒಂದು ಮಾರು ನೀರು, ಎರಡು ಮಾರು, ನೀರು —