ಎಲ್ಲಿಗೆ ಎಂದು ಕೇಳದ ಮನೆ

ಹೊರಟು ನಿಂತವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಈ ಮಾತಿದೆ. ಹೊಸಪೇಟೆಯ ನೀಲಗಂಗಮ್ಮನವರ ಮನೆಯಲ್ಲಂತೂ ಅದು ಹೊಸ್ತಿಲಷ್ಟೇ ಗಟ್ಟಿ.

ಆ ಭಾನುವಾರ ಊಟ ಮುಗಿಸಿ ಅವರ ಮಗ ಈಶ್ವರ್ ತನ್ನ ಗೇರ್ ಸೈಕಲ್ಲನ್ನು ಅಂಗಳಕ್ಕಿಳಿಸಿದ. ತೋರಣಗಲ್ಲಿನ ಕಾರ್ಖಾನೆಯಲ್ಲಿ ವಾರವಿಡೀ ಯಂತ್ರದ ಸದ್ದು ಕೇಳುವವನು. ರಜೆ ಬಂದರೆ ಜನರಿಲ್ಲದ ಕಡೆ ಒಬ್ಬನೇ ಸೈಕಲ್ ಹೊಡೆಯುವುದೆಂದರೆ ಅವನಿಗೆ ಪ್ರಾಣ.

ಪಕ್ಕದ ಮನೆಯ ರೇಣುಕಮ್ಮ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. “ಎಲ್ಲಿಗಪಾ ಸವಾರಿ?” ಎಂದರು.

“ಏ ರೇಣುಕಾ! ಹೊರಡೋ ಹೊತ್ತಿನ್ಯಾಗ ಎಲ್ಲಿಗಂತ ಕೇಳ್ತಾರೇನು?” ಎಂದು ನೀಲಗಂಗಮ್ಮ ರೇಗಿದರು. ಮಗನನ್ನು ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ ಮತ್ತೆ ಕಳಿಸಿದರು. “ದೂರಾನಾ?” ಎಂದಷ್ಟೇ ಕೇಳಿದರು.

“ಇಲ್ಲೇ ಅವ್ವಾ.”

“ನಿನಗ ಸಂಡೂರೂ ಇಲ್ಲೇ, ಕಂಪ್ಲೀನೂ ಇಲ್ಲೇ,” ಎಂದು ರೇಣುಕಮ್ಮ ಕಟ್ಟೆಯಿಂದಲೇ ಹಂಗಿಸಿದರು. ಈಶ್ವರ್ ನಕ್ಕು ಪೆಡಲ್ ತುಳಿದ.

ಅವನು ಹೋಗುತ್ತಿದ್ದದ್ದು ಯಾವಾಗಲೂ ಸಂಡೂರಿನ ಗುಡ್ಡಗಳಿಗೆ. ಅಂದು ಮನಸ್ಸು ಬದಲಾಯಿತು. ಅಣೆಕಟ್ಟೆಯ ಹಿನ್ನೀರಿನ ದಂಡೆಗೆ ತಿರುಗಿದ. ಅಲ್ಲಿ ದಾರಿಯಿಲ್ಲ. ಒಂದು ಕಡೆ ಬಂಡೆ, ಜಾಲಿ, ಕೊರಕಲು. ಇನ್ನೊಂದು ಕಡೆ ಸಮುದ್ರದಂತೆ ನೀರು. ತನ್ನ ಉಸಿರು, ಚಕ್ರದಡಿ ಸರಿಯುವ ಹರಳು ಬಿಟ್ಟರೆ ಸದ್ದಿಲ್ಲ. ಅವನಿಗೆ ಬೇಕಾದದ್ದೂ ಅದೇ.

ಒಂದು ಇಳಿಜಾರಿನಲ್ಲಿ ಮುಂದಿನ ಚಕ್ರ ಕೊರಕಲಿನಲ್ಲಿ ಸಿಕ್ಕಿಕೊಂಡಿತು. ಕಣ್ಣು ಬಿಟ್ಟಾಗ ಅವನು ದಂಡೆಯ ಕೆಳಗೆ ಬಿದ್ದಿದ್ದ. ಎಡಗಾಲು ಸೈಕಲ್ಲಿಗೂ ಬಂಡೆಗೂ ನಡುವೆ ಸಿಕ್ಕಿತ್ತು. ಎಳೆದರೆ ಜೀವ ಹೋಗುವಂಥ ನೋವು. ಮೊಬೈಲ್ ಒಡೆದು ಕಪ್ಪಾಗಿತ್ತು. ಕೂಗಿದ. ಅವನ ಕೂಗೇ ಗುಡ್ಡಕ್ಕೆ ಬಡಿದು ಹಿಂದಿರುಗಿತು.

ಸ್ವಲ್ಪ ಹೊತ್ತಿಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಪಾದದಾಚೆ ಒಂದು ಬಿಳಿ ಕಲ್ಲು ಒಣಗಿ ಬಿದ್ದಿತ್ತು. ನೋಡುತ್ತಿದ್ದಂತೆ ಅದರ ಬುಡ ಒದ್ದೆಯಾಯಿತು. ಆಮೇಲೆ ಅರ್ಧ ಕಲ್ಲು. ಆಮೇಲೆ ಕಲ್ಲೇ ಕಾಣಲಿಲ್ಲ. ಇಲ್ಲಿ ಹನಿ ಮಳೆಯಿಲ್ಲ, ಮೇಲೆಲ್ಲೋ ಮಳೆ ಸುರಿದು ಹೊಳೆ ತುಂಬಿ ಬರುತ್ತಿತ್ತು. ಅಲೆಯಿಲ್ಲ, ಸದ್ದಿಲ್ಲ. ನೀರು ಸುಮ್ಮನೆ ಹತ್ತಿರ ಬರುತ್ತಿತ್ತು.

ಅವ್ವನಿಗೆ ಗೊತ್ತಾಗುತ್ತದೆ, ಹುಡುಕಿಸುತ್ತಾಳೆ ಎಂದುಕೊಂಡ. ಆದರೆ ಎಲ್ಲಿ ಹುಡುಕಿಸುತ್ತಾಳೆ? ‘ಇಲ್ಲೇ’ ಎಂದಿದ್ದ. ಸಂಡೂರಿನ ಗುಡ್ಡಗಳಲ್ಲಿ ಅವನ ಹೆಸರು ಕೂಗುತ್ತಾರೆ. ಇಲ್ಲಿ ಯಾರೂ ಕೂಗುವುದಿಲ್ಲ. ಇಷ್ಟು ದಿನ ಹುಡುಕಿಕೊಂಡು ಹೋಗುತ್ತಿದ್ದ ಮೌನವೇ ಈಗ ಎದೆಯ ಮೇಲೆ ಕುಳಿತಿತ್ತು.

ನೀರು ಮೊಣಕಾಲು ಮುಟ್ಟಿದಾಗ ಸೈಕಲ್ಲಿಗೆ ಸಿಕ್ಕಿಸಿದ್ದ ಸ್ಟೀಲ್ ಬಾಟಲಿ ನೆನಪಾಯಿತು. ಅದನ್ನು ಬಂಡೆಗೆ ಬಡಿಯತೊಡಗಿದ. ಕೈ ಸೋತರೂ ಬಡಿದ. ಹೊತ್ತು ಮುಳುಗುವಾಗ ನೀರಿನ ಮೇಲಿಂದ ದನಿ ಬಂತು. “ಯಾರಲೇ ಅದು?”

ಬಲೆ ಎತ್ತಲು ತೆಪ್ಪದಲ್ಲಿ ಬಂದ ಮೀನುಗಾರ ಅಂಜಿನಿ ಅವನು. ಕಾಲು ಬಿಡಿಸಿ, ತೆಪ್ಪಕ್ಕೆ ಹಾಕಿಕೊಂಡು ಬೈದ. “ದಿನಾ ಆಚೆ ದಂಡಿಗೆ ಬಲಿ ಹಾಕಾಂವ ನಾನು. ಇವತ್ತು ಯಾಕೋ ಈ ಕಡಿ ಹಾಕೀನಿ. ಇಲ್ಲಂದ್ರ ಏನ್ ಮಾಡ್ತಿದ್ದಿ ತಮ್ಮಾ?”

ಆಸ್ಪತ್ರೆಯಿಂದ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದಾಗ ತಿಳಿಯಿತು. ಓಣಿಯ ಹುಡುಗರೆಲ್ಲ ಸಂಡೂರಿನ ದಾರಿಯಲ್ಲೇ ಹುಡುಕಿದ್ದರು.

“ನೀ ಕೇಳಿದ್ದಕ್ಕ ಹಿಂಗಾತು ನೋಡು ರೇಣುಕಾ,” ಎಂದು ನೀಲಗಂಗಮ್ಮ ಕಣ್ಣೊರೆಸಿಕೊಂಡರು.

“ಅಲ್ಲಕ್ಕಾ, ಕೇಳಿದ್ದರ ದೋಷ ಕಳೀಲಿ ಅಂತ ಕುಂದ್ರಿಸಿ ನೀರು ಕುಡಿಸಿ ಕಳಿಸಿದ್ರಿ. ಆದ್ರೂ ಬಿದ್ದ. ಬೀಳೋದು ಯಾರ ಕೈಯಾಗೂ ಇಲ್ಲ. ಬಿದ್ದಾಂವನ್ನ ಎತ್ತಾಕ ಜಾಗ ಗೊತ್ತಿರಬೇಕಲ್ರಿ?”

“ಹಂಗಂತ ಹಿರೇರ ಮಾತು ಮುರೀಲೇನು?”

“ಮುರೀಬ್ಯಾಡ್ರಿ. ಹೋಗೋದು ಕೇಳಬಾರದು ಅಂದಾರ, ಬರೋದು ಕೇಳಬಾರದು ಅಂತ ಯಾರಂದಾರ? ಯಾವ ಕಡಿಂದ ಬರ್ತೀ, ಎಷ್ಟೊತ್ತಿಗೆ ಬರ್ತೀ ಅನ್ರಿ. ಮಾತೂ ಉಳೀತೈತಿ, ಮಗಾನೂ ಉಳೀತಾನ.”

ನೀಲಗಂಗಮ್ಮ ಮಗನ ಕಾಲಿನ ಪಟ್ಟಿಯನ್ನೇ ಸವರುತ್ತ ಕುಳಿತರು.

ಕಾಲು ವಾಸಿಯಾದ ಮೇಲೆ ಈಶ್ವರ್ ಮತ್ತೆ ಸೈಕಲ್ ಇಳಿಸಿದ. ಕೊರಳಲ್ಲಿ ಈಗ ಒಂದು ಸೀಟಿ ಇತ್ತು. ತಾಯಿ ಬಾಗಿಲಿಗೆ ಅಡ್ಡ ನಿಂತರು.

“ಯಾವ ಕಡಿಂದ ಬರ್ತೀ?”

“ಕಮಲಾಪುರದ ಕೆರೆ ದಂಡಿಂದ ಅವ್ವಾ. ದೀಪ ಹಚ್ಚೋದ್ರೊಳಗ.”

“ದೀಪ ಹಚ್ಚಿದ ಮ್ಯಾಲೂ ನೀ ಬಂದಿಲ್ಲಂದ್ರ ಓಣಿ ಎಲ್ಲಾ ಅಲ್ಲಿರತೈತಿ ನೋಡು,” ಎಂದು ಪಕ್ಕಕ್ಕೆ ಸರಿದರು. ಕಟ್ಟೆಯ ಮೇಲೆ ರೇಣುಕಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು.

ಓದುವವರೇ, ಕೇಳುವವರೇ, ಗುಡ್ಡಕ್ಕೋ ಹೊಳೆದಂಡೆಗೋ ಒಬ್ಬರೇ ಹೋಗುವ ಮುನ್ನ ದಾರಿ ಯಾವುದು, ಮರಳುವುದು ಯಾವಾಗ ಎಂದು ಮನೆಯಲ್ಲಿ ಹೇಳಿ. ನಡುವೆ ದಾರಿ ಬದಲಾದರೆ ಅದನ್ನೂ ತಿಳಿಸಿ. ಒಂದು ಸೀಟಿ ಜೊತೆಗಿರಲಿ. ಮನೆಯಲ್ಲಿರುವವರೇ, ಹೋದವರು ಹೇಳಿದ ಹೊತ್ತಿಗೆ ಬಾರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ತುರ್ತು ಸಂಖ್ಯೆ ೧೧೨ಕ್ಕೆ ಕರೆ ಮಾಡಿ. ಇನ್ನು ‘ಎಲ್ಲಿಗೆ’ ಎನ್ನಲು ನಿಮಗೆ ಮನಸ್ಸು ಒಪ್ಪದಿದ್ದರೆ ಬೇಡ, ‘ಯಾವ ಕಡೆಯಿಂದ ಬರ್ತೀ’ ಎಂದು ಕೇಳಿ. ಉತ್ತರ ‘ಇಲ್ಲೇ’ ಎಂದಾದರೆ, ಹೊಸ್ತಿಲು ದಾಟಲು ಬಿಡಬೇಡಿ.