ಕೂಲರ್‌ಗೆ ಹೊಸ ಹುಲ್ಲು

ನೌರೂಜ್ ಹಬ್ಬ ಮುಗಿದು ಕಾಶಾನ್ ಊರಿನ ಬಿಸಿಲು ಬಲಿಯತೊಡಗಿತೆಂದರೆ ನೊಸ್ರತ್ ಮಾಳಿಗೆ ಹತ್ತುತ್ತಿದ್ದ. ಚಳಿಗಾಲವಿಡೀ ಗೋಣಿ ಹೊದ್ದು ಕೂತಿದ್ದ ಕೂಲರನ್ನು ಬಿಚ್ಚಿ, ಉಪ್ಪುಗಟ್ಟಿದ ಹಳೆಯ ಹುಲ್ಲು ಕಿತ್ತು, ಹೊಸದು ತುಂಬಿ, ಬೆಲ್ಟು ಬಿಗಿಯುವುದು ಅವನ ಪಾಲು. ಕೆಳಗೆ ಸ್ವಿಚ್ಚಿನ ಹತ್ತಿರ ನಿಂತು, ಅವನು ಕೂಗಿದಾಗ ಹಾಕಿ ಆರಿಸುವುದು ಹೆಂಡತಿ ತೂಬಾಳ ಪಾಲು. "ಅಷ್ಟು ವರ್ಷ ಬಸ್ಸು ಓಡಿಸಿದೋರಿಗೆ ಒಂದು ಕೂಲರ್ ಓಡ್ಸೋಕೆ ಬರಲ್ವಾ?" ಎಂದು ಅವಳು ಕೆಳಗಿನಿಂದ ಕೂಗಿದರೆ ಅಕ್ಕಪಕ್ಕದ ಮಾಳಿಗೆಯವರೂ ನಗುತ್ತಿದ್ದರು.

ಈ ಸಲ ಮಗಳು ಮನೀಜೆ ಮೊದಲೇ ತಡೆದಿದ್ದಳು.

"ಅಪ್ಪಾ, ಯಾರನ್ನಾದ್ರೂ ಕರೆಸು. ಅಮ್ಮನ್ನ ನಂಬ್ಕೊಂಡು ಮೇಲೆ ಹತ್ಬೇಡ."

"ಯಾಕೆ, ನಿಮ್ಮಮ್ಮನಿಗೇನಾಗಿದೆ?"

"ಮೊನ್ನೆ ನನ್ನನ್ನೇ 'ಯಾರ ಮಗಳಮ್ಮಾ ನೀನು' ಅಂದ್ಲು."

"ತಮಾಷೆಗೆ ಅಂದಿರ್ತಾಳೆ. ಅವಳ ಬುದ್ಧಿ ನಿಂಗೊತ್ತಿಲ್ವಾ?"

ಅವಳಿಗೆ ಮರೆವು ಹತ್ತಿದ್ದು ಅವನಿಗೂ ಗೊತ್ತಿತ್ತು. ದಾರಿ ತಪ್ಪಿ ರೊಟ್ಟಿಯಂಗಡಿಯ ಮುಂದೆ ಅಳುತ್ತ ನಿಂತಿದ್ದವಳನ್ನು ಕೈಹಿಡಿದು ಕರೆತಂದು, "ಇಬ್ರೂ ಸುತ್ತಾಡೋಕೆ ಹೋಗಿದ್ವಿ" ಎಂದು ನೆರೆಯವರ ಬಾಯಿ ಮುಚ್ಚಿಸಿದವನೇ ಅವನು.

ಮರುದಿನ ಬೆಳಿಗ್ಗೆ ತೂಬಾಳನ್ನು ಸ್ವಿಚ್ಚಿನ ಪಕ್ಕ ಕುರ್ಚಿಯಲ್ಲಿ ಕೂರಿಸಿದ. "ನಾನು ಹಾಕು ಅಂದಾಗ ಮಾತ್ರ ಹಾಕ್ಬೇಕು, ಆಯ್ತಾ?"

"ನಂಗೇ ಪಾಠ ಹೇಳ್ಕೊಡ್ತೀರಾ?" ಎಂದಳು. ಅದೇ ಹಳೆಯ ಗತ್ತು. ನೊಸ್ರತ್ ಹಿಗ್ಗಿನಿಂದಲೇ ಏಣಿ ಹತ್ತಿದ.

ಹುಲ್ಲು ತುಂಬಿದ್ದಾಯಿತು. ಬೆಲ್ಟನ್ನು ಗಾಲಿಗೆ ಏರಿಸುತ್ತಿದ್ದಾಗ ಕೆಳಗಿನಿಂದ ದನಿ ಬಂತು. "ನೊಸ್ರತ್ ಅವ್ರೇ, ಎಲ್ಲಿದ್ದೀರಾ?"

"ಇಲ್ಲೇ, ಮೇಲೆ!"

"ಮನೇಲಿ ಯಾರೂ ಇಲ್ಲ, ನಂಗೆ ಭಯ ಆಗ್ತಿದೆ."

"ಇದ್ದೀನಿ ಕಣೇ! ಬಂದೆ, ಈಗ ಹಾಕ್ಬೇಡ!"

ಅವಳಿಗೆ ಅದರಲ್ಲಿ ಎಷ್ಟು ಕೇಳಿಸಿತೋ. ಮೋಟರು ಒಮ್ಮೆಲೇ ಗುಡುಗಿತು. ಬೆಲ್ಟು ಅವನ ಬಲಗೈ ಬೆರಳನ್ನು ಎಳೆದುಕೊಂಡಿತು.

ಅಂಗಿಯಲ್ಲಿ ಕೈ ಸುತ್ತಿಕೊಂಡು ಇಳಿದು ಬಂದಾಗ ತೂಬಾ ಚಂಗನೆ ಎದ್ದಳು. ಆ ಗಳಿಗೆಯಲ್ಲಿ ಅವಳಿಗೆ ಮರೆವೇ ಇರಲಿಲ್ಲ. ರಕ್ತ ತೊಳೆದಳು, ತಲೆವಸ್ತ್ರ ಹರಿದು ಬಿಗಿಯಾಗಿ ಕಟ್ಟಿದಳು. ಅಳುತ್ತಲೇ ಸಿಡಿದಳು. "ಯಾವ ಪಾಪಿ ಸ್ವಿಚ್ ಹಾಕಿದ್ದು? ಕೈ ಒಳಗಿರೋವಾಗ ಯಾರಾದ್ರೂ ಹಾಕ್ತಾರಾ?"

"ಯಾರೂ ಹಾಕ್ಲಿಲ್ಲ. ಬೆಲ್ಟು ಹರೀತು."

"ಸುಳ್ಳು! ಯಾರನ್ನೋ ಕಾಪಾಡ್ತಿದ್ದೀರಾ ನೀವು."



ತೋರುಬೆರಳಿನ ತುದಿ ಉಳಿಯಲಿಲ್ಲ. ಆಸ್ಪತ್ರೆಗೆ ಮನೀಜೆ ಓಡಿಬಂದಳು. ಅವನು, "ನೀನು ಹೇಳಿದ್ದು ನಿಜ ಕಣಮ್ಮ" ಎಂದವನು ಬೆಂಚಿನ ಮೇಲೆ ಕುಸಿದು ಮಗುವಿನಂತೆ ಅತ್ತ. ಅವಳು ಅಪ್ಪನ ಬೆನ್ನ ಮೇಲೆ ಕೈಯಿಟ್ಟು ಕೂತಳು. ಆ ವಾರವೇ ಗಂಡನೊಡನೆ ತವರಿಗೆ ಬಂದು ನೆಲೆಸಿದಳು. ಕೂಲರಿನ ಉಳಿದ ಕೆಲಸವನ್ನು ಅಳಿಯನೇ ಮುಗಿಸಿದ. ಒದ್ದೆ ಹುಲ್ಲಿನ ವಾಸನೆ ಹೊತ್ತ ತಣ್ಣನೆಯ ಗಾಳಿ ಮನೆಯೊಳಗೆ ಬೀಸಿತು.

ಬೇಸಿಗೆಯುದ್ದಕ್ಕೂ ತೂಬಾ ಗಂಡನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಬಂದವರನ್ನೆಲ್ಲ "ನೀವೇನಾ ಸ್ವಿಚ್ ಹಾಕಿದ್ದು?" ಎಂದು ಗದರುತ್ತಿದ್ದಳು. ನೆಂಟರು ಹೌಹಾರುತ್ತಿದ್ದರು. ನೊಸ್ರತ್ ಮಾತ್ರ ಎಂದೂ ಅವಳ ಬಾಯಿ ಮುಚ್ಚಿಸಲಿಲ್ಲ. ಅಷ್ಟು ಕೋಪ ಬರುವಷ್ಟಾದರೂ ತಾನು ಅವಳಿಗೆ ನೆನಪಿದ್ದೇನೆ ಎಂಬುದೇ ಅವನಿಗೆ ಸಮಾಧಾನ.

ದಾಳಿಂಬೆ ಹಣ್ಣಾಗುವ ಹೊತ್ತಿಗೆ ಅವಳು ಆ ಪ್ರಶ್ನೆಯನ್ನೂ ಮರೆತಳು. ಒಂದು ಮಧ್ಯಾಹ್ನ ಅವನು ಚಹಾ ಕೊಟ್ಟಾಗ ಮೊಂಡು ಬೆರಳನ್ನು ನೋಡಿ, ಅಪರಿಚಿತರೊಡನೆ ಮಾತಾಡುವಂತೆ ಮೆಲ್ಲಗೆ, "ತುಂಬಾ ನೋವಾಯ್ತೇನಪ್ಪಾ?" ಎಂದಳು.

"ಇಲ್ಲಮ್ಮ," ಎಂದ ನೊಸ್ರತ್, "ಆಗ ಅಷ್ಟು ಗೊತ್ತಾಗ್ಲಿಲ್ಲ."